ಮಂಗ ಸತ್ತರೆ ಸುಮ್ಮನೆ ಹೂಳಬೇಡಿ

ಜನವರಿಯ ಒಂದು ಬೆಳಿಗ್ಗೆ. ಸಾಗರದ ಕಡೆಯ ನಮ್ಮ ಅಡಿಕೆ ತೋಟದ ಅಂಚಿನಲ್ಲಿ, ಹಲಸಿನ ಮರದ ಬುಡದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. "ಆಂಜನೇಯನ ಸ್ವರೂಪ ಕಣೇ, ಹಾಗೇ ಬಿಡಬಾರ್ದು. ಅರಿಶಿನ ಕುಂಕುಮ ಹಾಕಿ ಹೂಳಿಬಿಡೋಣ" ಅಂದರು ಅತ್ತೆ. ಕೆಲಸದವನು ಹಾರೆ ತಂದೂಬಿಟ್ಟ. "ಯಾರೂ ಹತ್ತಿರ ಹೋಗ್ಬೇಡಿ!" ಅಂತ ನಾನು ಕೂಗಿದ್ದು ಕೇಳಿ ನನಗೇ ಗಾಬರಿಯಾಯ್ತು.

ಮಲೆನಾಡಿನವರಿಗೆ ಮಂಗನ ಕಾಯಿಲೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲ ಹಳ್ಳಿಯವರು ಜ್ವರದಿಂದ ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಮೊದಲಿದ್ದ ಅನುಮಾನ ಸೊಳ್ಳೆಯಿಂದ ಹರಡುವ ಹಳದಿ ಜ್ವರದ್ದು. ಪರೀಕ್ಷೆ ಮಾಡಿದಾಗ ಅದು ಹೊಸ ವೈರಸ್, ಹರಡುವುದು ಉಣುಗು ಅಂತ ಗೊತ್ತಾಯಿತು. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಭಾಗ ಪಟ್ಟ ಪಾಡನ್ನು ನಾವ್ಯಾರೂ ಮರೆತಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆ. ಮೈತುಂಬ ಮುಚ್ಚಿಕೊಂಡು, ಗ್ಲೌಸು, ಬೂಟು ಹಾಕಿದವರು ಬಂದರು. ಮಂಗನ ಅಂಗಾಂಗದ ಮಾದರಿ ತೆಗೆದು, ಕಳೇಬರ ಸುಟ್ಟು, ಸುತ್ತ 50 ಮೀಟರ್ ಕೀಟನಾಶಕದ ಪುಡಿ ಹಾಕಿದರು. ಅದಕ್ಕೂ ಮೊದಲು ಬಿಳಿ ಬಟ್ಟೆಯೊಂದನ್ನು ತರಗೆಲೆಯ ಮೇಲೆ ಎಳೆದಾಡಿದರು.

"ಇದೇನಪ್ಪಾ, ಕಾಡಿನ ನೆಲ ಒರೆಸ್ತೀರಾ?" ಅತ್ತೆ ದೂರದಿಂದಲೇ ಕೇಳಿದರು.

ಹುಡುಗನೊಬ್ಬ ಬಟ್ಟೆ ತೋರಿಸಿದ. ಎಳ್ಳಿಗಿಂತ ಸಣ್ಣ ಉಣುಗಿನ ಮರಿಗಳು! "ಮಂಗ ಸತ್ತ ಮೇಲೆ ಇವು ಇಳಿದುಬಿಡ್ತಾವೆ ಅಮ್ಮ. ಆಮೇಲೆ ಸಿಕ್ಕಿದವರ ಮೈ ಹತ್ತೋದೇ. ಇವನ್ನೂ ಲ್ಯಾಬಿಗೆ ಕಳಿಸ್ತೀವಿ."

ನನ್ನ ಎದೆ ಧಸಕ್ಕೆಂದಿತು. ಹಿಂದಿನ ದಿನವಷ್ಟೇ ನನ್ನ ಓರಗಿತ್ತಿ ಅಲ್ಲಿಂದಲೇ ಕೊಟ್ಟಿಗೆಗೆ ದರಕು ಗುಡಿಸಿ ತಂದಿದ್ದಳು. ನಾವು ದರಕು ತರುವ ಕಾಲವೂ ಈ ಮರಿಗಳು ಹೆಚ್ಚುವ ಕಾಲವೂ ಒಂದೇ. ಕಚ್ಚಿದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ಜ್ವರ ಬರುತ್ತದೆ. ಕ್ಯಾಲೆಂಡರ್ ಮುಂದೆ ನಿಂತು ದಿನ ಎಣಿಸಿದೆವು. ದಿನಾ ಸಂಜೆ ಅವಳ ಹಣೆ ಮುಟ್ಟಿ ನೋಡುವುದೇ ಕೆಲಸ. ದೇವರ ದಯೆ, ಜ್ವರ ಬರಲಿಲ್ಲ.

ಆಮೇಲೆ ವರದಿಯೂ ಬಂತು: ಮಂಗನಲ್ಲೂ ಉಣುಗಿನಲ್ಲೂ ವೈರಸ್ ಇಲ್ಲ.

"ನೋಡು, ಸುಮ್ನೆ ಇಷ್ಟೆಲ್ಲ ರಂಪ" ಅಂದರು ಮೈದುನ. "ಇಲ್ಲ ಅಂತ ಗೊತ್ತಾಗೋಕೂ ಪರೀಕ್ಷೆ ಬೇಕಲ್ವಾ?" ಅಂದೆ. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನರ ಜೀವ ತೆಗೆಯುವ ಕಾಯಿಲೆ ಇದು, ಇದಕ್ಕೇ ಅಂತ ಔಷಧಿಯೂ ಇಲ್ಲ. ನಮಗಿಂತ ಮೊದಲು ಮಂಗ ಸಾಯುತ್ತದೆ. ಆ ಸುದ್ದಿಯನ್ನು ಮಣ್ಣಲ್ಲಿ ಹೂತರೆ ನಷ್ಟ ನಮಗೇ.

ಮಂಗ ಸತ್ತಿದ್ದರೆ ಮುಟ್ಟಬೇಡಿ, ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ. ಕಾಡಿಗೆ ಹೋಗುವ ಮುನ್ನ ಅವರು ಕೊಡುವ ತೈಲವನ್ನು ಕೈಕಾಲಿಗೆ ಹಚ್ಚಿ. ಬಂದವರೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಕಾಯಿಲೆಯವರನ್ನು ದೂರ ಮಾಡಬೇಡಿ, ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ.

ಅತ್ತೆ ಅವತ್ತು ಸಂಜೆ ಆಂಜನೇಯನಿಗೆ ತುಪ್ಪದ ದೀಪ ಹಚ್ಚಿದರು. ಈಗ ಪಕ್ಕದ ಮನೆಯವರಿಗೂ ಅವರೇ ಹೇಳುತ್ತಾರೆ, "ಪೂಜೆ ಆಮೇಲೆ, ಮೊದ್ಲು ಫೋನ್ ಮಾಡಿ."