ಕಾಡಿನ ಗಾಳಿ, ಉಸಿರಿನ ಗಾಳಿ

ಸ್ವೀಡನ್ ದೇಶದ ಅರಣ್ಯವೊಂದನ್ನು ಊಹಿಸಿಕೊಳ್ಳೋಣ. ಮೊಣಕಾಲುದ್ದ ಹಿಮ ಬಿದ್ದಿದೆ, ಗಾಳಿಯ ಸುಳಿವಿಲ್ಲ. ಮರ ಕಡಿಯುವವನೊಬ್ಬನು ಬುಡದ ಹಿಮವನ್ನು ಸರಿಸಿ, ಆ ಗುಣಿಯೊಳಗೆ ಬಾಗಿ, ಸರಪಣಿ ಗರಗಸವನ್ನು ನಡೆಸುತ್ತಿರುವನು. ಇಷ್ಟು ನಿರ್ಮಲವಾದ ತಾಣದಲ್ಲಿ ದುಡಿಯುವವನಿಗೆ ತಲೆನೋವು, ಕಣ್ಣುರಿ, ಕೆಮ್ಮು ಏಕೆ ಬರಬೇಕು? 1980ರ ದಶಕದಲ್ಲಿ ಆ ದೇಶದ ಸಂಶೋಧಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಇಂತಹ ಕೆಲಸಗಾರರ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚಿರುವುದನ್ನು ಕಂಡರು.

ನಾವು ಉಸಿರಾಡುವುದು ಕಾಡಿನ ಗಾಳಿಯೆಲ್ಲವನ್ನೂ ಅಲ್ಲ. ಮೂಗುಬಾಯಿಗಳ ಸುತ್ತ ಸುಮಾರು 30 ಸೆಂಟಿಮೀಟರಿನೊಳಗೆ ಇರುವುದನ್ನು. ಗರಗಸದ ಹೊಗೆಗೊಳವಿಯಾದರೋ ಮುಖಕ್ಕೆ ಒಂದು ತೋಳಿನಳತೆಯಲ್ಲಿದೆ. ಹೊಗೆ ಚದರುವ ಮೊದಲೇ ಉಸಿರಿಗೆ ಸಿಕ್ಕುತ್ತದೆ.

ಈ ಹೊಗೆ ಹುಟ್ಟುವುದೆಂತು? ಪೆಟ್ರೋಲ್ ಗರಗಸಗಳಲ್ಲಿ ಸಾಮಾನ್ಯವಾಗಿ ಇರುವುದು ಟೂ-ಸ್ಟ್ರೋಕ್ ಎಂಜಿನ್. ಹಿಂದೆ ನಮ್ಮ ನಗರಗಳಲ್ಲಿ ನೀಲಿ ಹೊಗೆಯುಗುಳುತ್ತ ಓಡುತ್ತಿದ್ದ ಆಟೋರಿಕ್ಷಾಗಳದೂ ಇದೇ ಬಗೆ. ಪಿಸ್ಟನ್ ಕೆಳಗಿಳಿದಾಗ ಹೊಗೆ ಹೊರಹೋಗುವ ಕಿಂಡಿಯೂ ಹೊಸ ಇಂಧನ ಒಳಬರುವ ಕಿಂಡಿಯೂ ಕ್ಷಣಕಾಲ ಒಟ್ಟಿಗೆ ತೆರೆದಿರುತ್ತವೆ. ಆಗ ಪೆಟ್ರೋಲು ಮತ್ತು ಎಣ್ಣೆಯ ಮಿಶ್ರಣದಲ್ಲಿ ಒಂದು ಪಾಲು ಉರಿಯದೆಯೇ ಹೊರಕ್ಕೆ ನುಸುಳುತ್ತದೆ. ಉಳಿದುದಕ್ಕೆ ಗಾಳಿ ಸಾಲದಾದರೆ ಅದು ಅರೆಯುರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಪೆಟ್ರೋಲಿನ ವಾಸನೆ ಮೂಗಿಗೆ ತಿಳಿಯುವುದು. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅದು ಭಾರವಾದುದರಿಂದ ಗುಣಿಯಲ್ಲಿ ನಿಲ್ಲುವುದೆಂದು ಭಾವಿಸಬಾರದು. ಅದರ ಅಣುತೂಕ 28. ಗಾಳಿಯದು ಸರಾಸರಿ 29. ಅದನ್ನು ಅಲ್ಲಿ ಹಿಡಿದಿಡುವುದು ತೂಕವಲ್ಲ, ಗಾಳಿಯ ನಿಶ್ಚಲತೆ.

ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಕಾರ್ಬನ್ ಮಾನಾಕ್ಸೈಡನ್ನು 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಬ್ರಿಟಿಷ್ ವಿಜ್ಞಾನಿ 1895ರಲ್ಲಿ ತನ್ನ ಮೇಲೆಯೇ ಇದನ್ನು ಪ್ರಯೋಗಿಸಿ ನೋಡಿದನು. ಗಾಳಿಯ ಸಾವಿರ ಪಾಲಿನಲ್ಲಿ ಸುಮಾರು 210 ಪಾಲು ಆಮ್ಲಜನಕ. ಅದರ ಜೊತೆಗೆ ಒಂದೇ ಪಾಲು ಈ ಅನಿಲವಿದ್ದು, ಬಹಳ ಹೊತ್ತು ಉಸಿರಾಡಿದರೆ, ಹೀಮೋಗ್ಲೋಬಿನ್ನಿನ ಅರ್ಧದಷ್ಟನ್ನು ಅದು ಕಸಿದುಕೊಳ್ಳಬಲ್ಲುದು. ಕಾಡಿನ ಕೆಲಸದಲ್ಲಿ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಆದರೂ ತಲೆನೋವಿಗೂ ಮಂಕಿಗೂ ಸಾಕಾದೀತು. ಸೆಕೆಂಡಿಗೆ ಸುಮಾರು 20 ಮೀಟರ್ ಓಡುವ ಸರಪಣಿಯನ್ನು ಕೈಯಲ್ಲಿ ಹಿಡಿದವನಿಗೆ ಸ್ವಲ್ಪ ಮಂಕೂ ಅಪಾಯವೇ.

ಮರದ ಹುಡಿಯನ್ನೂ ಮರೆಯಬಾರದು. ಅದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಸಾರಿತು. ಹರಿತವಾದ ಸರಪಣಿ ಚಕ್ಕೆಗಳನ್ನು ಎಬ್ಬಿಸುತ್ತದೆ. ಮೊಂಡಾದುದು ನುಣ್ಣನೆಯ ಹುಡಿಯನ್ನು.

ಪರಿಹಾರಗಳು ಇಲ್ಲದಿಲ್ಲ. ಬೆಂಜೀನ್ ಬಹುತೇಕ ಇಲ್ಲದ ಆಲ್ಕಿಲೇಟ್ ಪೆಟ್ರೋಲು ಸ್ವೀಡನ್ನಿನಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂದಿತು. ಈಚಿನ ಕೆಲವು ಎಂಜಿನ್ನುಗಳಲ್ಲಿ ಮೊದಲು ಬರಿಯ ಗಾಳಿಯ ಪದರವೊಂದು ಹೊಗೆಯನ್ನು ಹೊರದೂಡಿ, ಇಂಧನ ನುಸುಳುವುದನ್ನು ತಗ್ಗಿಸುತ್ತದೆ. ಆದರೆ ಕಾರ್ಬನ್ ಮಾನಾಕ್ಸೈಡ್ ಇವುಗಳಿಂದ ಇಲ್ಲವಾಗುವುದಿಲ್ಲ. ಆದುದರಿಂದ ಹೊಗೆ ಮುಖದಿಂದ ದೂರ ಸಾಗುವಂತೆ ನಿಲ್ಲುವುದೂ ನಡುನಡುವೆ ಶುದ್ಧ ಗಾಳಿಯಲ್ಲಿ ವಿಶ್ರಮಿಸುವುದೂ ಆವಶ್ಯಕ. ವಿಶ್ರಾಂತಿ ಹತ್ತು ನಿಮಿಷದ್ದಾದರೆ ಸಾಲದು: ರಕ್ತ ಹಿಡಿದಿಟ್ಟ ಈ ಅನಿಲದಲ್ಲಿ ಅರ್ಧ ಹೊರಬೀಳಲು ನಾಲ್ಕೈದು ಗಂಟೆ ಬೇಕು. ಕೆಲಸದ ನಡುವೆ ತಲೆನೋವೆಂದು ಕುಳಿತವನನ್ನು ಸೋಮಾರಿಯೆಂದು ಗದರುವ ಮೇಸ್ತ್ರಿ ಈ ಲೆಕ್ಕವನ್ನು ಅರಿತಿರಬೇಕು.