ನೇರಳೆ ಹಳದಿಯಾಗುವ ಹೊತ್ತು

ಬೆಣ್ಣೆ ಕಾಯಿಸುವಾಗ ಒಂದು ವೀಳ್ಯದೆಲೆಯನ್ನೋ ಒಂದಿಷ್ಟು ನುಗ್ಗೆಸೊಪ್ಪನ್ನೋ ಹಾಕುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಘಮಕ್ಕೆ ಎನ್ನುವವರುಂಟು, ತುಪ್ಪ ಬೇಗ ಕೆಡದಿರಲಿ ಎಂದು ಹಾಕುವವರೂ ಉಂಟು. ಎರಡನೆಯ ಮಾತಿನಲ್ಲಿ ರಸಾಯನಶಾಸ್ತ್ರವಿದೆ. ಎಣ್ಣೆ, ತುಪ್ಪ ಕಮಟು ಹಿಡಿಯುವುದು ಗಾಳಿಯ ಆಮ್ಲಜನಕದಿಂದ. ಆ ಕ್ರಿಯೆಯನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗುವವು ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಫ್ರೀ ರ್‍ಯಾಡಿಕಲ್‌ಗಳು. ಎಲೆಯ ಪಾಲಿಫಿನಾಲ್‌ಗಳು ತಮ್ಮ ಹೈಡ್ರೋಜನ್ ಕೊಟ್ಟು ಅವನ್ನು ತಣಿಸುತ್ತವೆ. ಆಂಟಿಆಕ್ಸಿಡೆಂಟ್ ಗುಣ ಎಂದರೆ ಇದೇ.

ಯಾವ ಎಲೆಯಲ್ಲಿ ಅದು ಎಷ್ಟಿದೆ ಎಂದು ತಿಳಿಯಲು ಪ್ರಯೋಗಾಲಯಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಡಿಪಿಪಿಎಚ್ ಪರೀಕ್ಷೆಯನ್ನು. ರ್‍ಯಾಡಿಕಲ್‌ಗಳಲ್ಲಿ ಹೆಚ್ಚಿನವು ಕ್ಷಣಾರ್ಧದಲ್ಲಿ ಮುಗಿದುಹೋಗುತ್ತವೆ. ಡಿಪಿಪಿಎಚ್ ಹಾಗಲ್ಲ, ಪುಡಿಯಾಗಿ ಸೀಸೆಯಲ್ಲಿ ಉಳಿಯುತ್ತದೆ. ಮೆಥನಾಲ್‌ನಲ್ಲಿ ಕರಗಿಸಿದರೆ ಕಡು ನೇರಳೆ, ಹೈಡ್ರೋಜನ್ ಸಿಕ್ಕಿತೋ ತಿಳಿ ಹಳದಿ. ಈ ಬಣ್ಣದಾಟವನ್ನು ಅಳತೆಗೋಲಾಗಿಸಿದವರು ಮಾರ್ಸ್ಡೆನ್ ಬ್ಲಾಯ್ಸ್, 1958ರಲ್ಲಿ ‘ನೇಚರ್’ ಪತ್ರಿಕೆಯ ಪುಟ್ಟ ಲೇಖನವೊಂದರಲ್ಲಿ.

ನೆರಳಲ್ಲಿ ಒಣಗಿಸಿದ ಎಲೆಯನ್ನು ಪುಡಿ ಮಾಡಿ, ಮೆಥನಾಲ್‌ನಲ್ಲೋ ನೀರು ಬೆರೆಸಿದ ಎಥನಾಲ್‌ನಲ್ಲೋ ನೆನೆಸಿ, ಸೋಸಿ, ಸಾರ ತೆಗೆಯುತ್ತಾರೆ. ಅದನ್ನು ಬೇರೆ ಬೇರೆ ಪ್ರಮಾಣದಲ್ಲಿ ಸಾಲು ಪ್ರನಾಳಗಳಿಗೆ ಹಾಕಿ, ಮೇಲೆ ಡಿಪಿಪಿಎಚ್ ದ್ರಾವಣ ಸುರಿದು, ಕತ್ತಲಲ್ಲಿ ಸಾಮಾನ್ಯವಾಗಿ 30 ನಿಮಿಷ ಇಡುತ್ತಾರೆ. ಹೊರತೆಗೆದಾಗ ಸಾಲು ಕಣ್ಣಿಗೆ ಹಬ್ಬ. ಒಂದು ತುದಿಯಲ್ಲಿ ನೇರಳೆ, ನಡುವೆ ಮಾಸಲು ಕೆಂಪು, ಇನ್ನೊಂದು ತುದಿಯಲ್ಲಿ ಹಳದಿ. ಉಳಿದ ನೇರಳೆ ಎಷ್ಟೆಂಬುದನ್ನು ಸ್ಪೆಕ್ಟ್ರೋಫೋಟೋಮೀಟರ್ 517 ನ್ಯಾನೊಮೀಟರ್ ಬೆಳಕಿನಲ್ಲಿ ಓದುತ್ತದೆ. ಎಲೆಸಾರವಿಲ್ಲದ ಪ್ರನಾಳದಲ್ಲಿ 0.90 ಬಂದು, ಸಾರ ಹಾಕಿದ್ದರಲ್ಲಿ 0.36 ಬಂದರೆ 60% ರ್‍ಯಾಡಿಕಲ್ ತಣಿದಿದೆ ಎಂದರ್ಥ. ಅರ್ಧದಷ್ಟು ತಣಿಸಲು ಬೇಕಾದ ಸಾರದ ಪ್ರಮಾಣವೇ ಐಸಿ50. ಈ ಅಂಕಿ ಕಡಿಮೆಯಾದಷ್ಟೂ ಎಲೆ ಬಲಶಾಲಿ. ಹೋಲಿಸಲು ಪಕ್ಕದಲ್ಲಿ ವಿಟಮಿನ್ ಸಿ ಇರುತ್ತದೆ.

ಎಲೆಯ ಹಸಿರೂ ಬೆಳಕನ್ನು ಹೀರುತ್ತದೆ. ಡಿಪಿಪಿಎಚ್ ಇಲ್ಲದ ಬರೀ ಎಲೆಸಾರವನ್ನೂ ಓದಿ ಕಳೆಯದಿದ್ದರೆ ಲೆಕ್ಕ ತಪ್ಪುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಒಂದು ಫಲಿತಾಂಶ, ನೆರಳಲ್ಲಿ ಒಣಗಿಸಿದರೆ ಇನ್ನೊಂದು. ದ್ರಾವಕ ಬದಲಾದರೂ ಅಂಕಿ ಬದಲಾಗುತ್ತದೆ. ಅದಕ್ಕೇ ಒಳ್ಳೆಯ ಪ್ರಯೋಗಾಲಯಗಳು ಇದೊಂದನ್ನೇ ನಂಬಿ ಕೂರುವುದಿಲ್ಲ. ಕಬ್ಬಿಣದ ಅಯಾನುಗಳನ್ನು ಬಳಸುವ ಫ್ರಾಪ್, ಒಟ್ಟು ಫಿನಾಲ್ ಅಳೆಯುವ ಫೋಲಿನ್ ಪರೀಕ್ಷೆಗಳನ್ನೂ ಜೊತೆಗೆ ಮಾಡುತ್ತವೆ.

ಇಷ್ಟೆಲ್ಲ ಆದ ಮೇಲೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪ್ರನಾಳದಲ್ಲಿ ಗೆದ್ದ ಎಲೆ ಮೈಯೊಳಗೂ ಗೆಲ್ಲುತ್ತದೆಂದು ಯಾರೂ ಭರವಸೆ ಕೊಡಲಾರರು. ಪಾಲಿಫಿನಾಲ್‌ಗಳಲ್ಲಿ ಬಹುಪಾಲು ಕರುಳು, ಯಕೃತ್ತು ದಾಟುವಷ್ಟರಲ್ಲಿ ರೂಪ ಬದಲಿಸಿರುತ್ತವೆ. 1994ರಲ್ಲಿ ಫಿನ್ಲೆಂಡಿನ ದೊಡ್ಡ ಅಧ್ಯಯನವೊಂದು ಆಂಟಿಆಕ್ಸಿಡೆಂಟ್ ಎನಿಸಿಕೊಂಡ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚಿದ್ದನ್ನು ಕಂಡಿತು. ಆಹಾರಗಳ ಆಂಟಿಆಕ್ಸಿಡೆಂಟ್ ಬಲವನ್ನು ಒರಾಕ್ ಅಂಕಿಗಳಲ್ಲಿ ಪಟ್ಟಿ ಮಾಡಿದ್ದ ಅಮೆರಿಕದ ಕೃಷಿ ಇಲಾಖೆ, ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡಿದ್ದರಿಂದ, 2012ರಲ್ಲಿ ಆ ಪಟ್ಟಿಯನ್ನೇ ಹಿಂತೆಗೆದುಕೊಂಡಿತು.

ಪರೀಕ್ಷೆಯ ಬೆಲೆ ಇದರಿಂದ ಕುಗ್ಗುವುದಿಲ್ಲ. ನೂರು ಎಲೆಗಳಲ್ಲಿ ಮುಂದಿನ ಅಧ್ಯಯನಕ್ಕೆ ಯಾವ ಹತ್ತನ್ನು ಆರಿಸಬೇಕು, ಎಣ್ಣೆ ಕೆಡದಂತೆ ಯಾವ ಸಾರ ಬೆರೆಸಿ ನೋಡಬೇಕು ಎಂಬ ಪ್ರಶ್ನೆಗಳಿಗೆ ಇಷ್ಟು ಅಗ್ಗವಾಗಿ, ಇಷ್ಟು ಬೇಗ ದಾರಿ ತೋರುವ ಪರೀಕ್ಷೆಗಳು ಕಡಿಮೆ. ಪ್ರಾಜೆಕ್ಟಿಗೆ ಇದನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳು ಎಲೆ ಎಲ್ಲಿಯದು, ಹೇಗೆ ಒಣಗಿತು, ಯಾವ ದ್ರಾವಕ, ಎಷ್ಟು ಹೊತ್ತು ಎಂಬುದನ್ನು ಐಸಿ50ರ ಪಕ್ಕದಲ್ಲೇ ಬರೆಯಲಿ. ನುಗ್ಗೆಸೊಪ್ಪಿನ ಪುಡಿಯ ಪೊಟ್ಟಣದ ಮೇಲೆ ದೊಡ್ಡ ಅಂಕಿಯೊಂದು ಕಂಡರೆ, ಕೊಳ್ಳುವ ಮುನ್ನ ನೀವೂ ಅವನ್ನೇ ಕೇಳಿ.