ಬಾಗಿಲ ಹಿಂದಿನ ನಾಲ್ಕು ಬೆರಳು ಜಾಗ

ಬೈರಾಪಟ್ಟಣದ ನಮ್ಮಕ್ಕನ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದೆ ಒಂದು ಸಂದಿ. ಬಾಗಿಲು ಪೂರ್ತಿ ತೆರೆದರೆ ಗೋಡೆಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ ಉಳಿಯುತ್ತದೆ. ಮೊರ, ಪೊರಕೆ, ಹಳೆಯ ಕ್ಯಾಲೆಂಡರಿನ ಸುರುಳಿ ಎಲ್ಲಕ್ಕೂ ಅದೇ ನೆಲೆ. ಚನ್ನಪಟ್ಟಣದ ಸಂತೆಯಿಂದ ತರಕಾರಿ ಹೊತ್ತು ಭುಜ ನೋಯುತ್ತದೆ ಎಂದವಳಿಗೆ ಚಕ್ರದ ಚೀಲ ತಂದುಕೊಡುತ್ತೇನೆ ಅಂದೆ. "ಆ ಸಂದೀಲಿ ಹಿಡಿದ್ರೆ ತಗೊಂಡ್ ಬಾ. ಇಲ್ಲಾಂದ್ರೆ ನಿಮ್ಮನೇಲೇ ಇಟ್ಕೊ" ಅಂದಳು. ಅವಳು ತಮಾಷೆಗೆ ಅಂದಿದ್ದು. ಆದರೆ ಇಂಥ ಚೀಲದ ವಿನ್ಯಾಸದ ಅರ್ಧ ಸಮಸ್ಯೆ ಆ ಮಾತಿನಲ್ಲೇ ಇದೆ. ಚೀಲ ತುಂಬಿರುವುದು ವಾರಕ್ಕೆ ಒಂದೆರಡು ಗಂಟೆ. ಉಳಿದಷ್ಟು ಹೊತ್ತೂ ಅದು ಖಾಲಿಯಾಗಿ ಎಲ್ಲೋ ನಿಂತಿರಬೇಕು. ತುಂಬಿದ ಚೀಲವನ್ನು ಯಾರು ಬೇಕಾದರೂ ಹೊಲಿಯುತ್ತಾರೆ. ಖಾಲಿ ಚೀಲವನ್ನು ಹೊಲಿಯುವುದೇ ಕಷ್ಟ.

ಈಗ ಚೀಲದ ಮಾತು ಜಾಸ್ತಿಯಾಗಿರುವುದಕ್ಕೆ ಕಾರಣಗಳಿವೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗೆ 2016ರಲ್ಲೇ ನಿಷೇಧ ಬಂತು. ಕೇಂದ್ರದ ನಿಯಮ ಕ್ಯಾರಿಬ್ಯಾಗಿನ ಕನಿಷ್ಠ ದಪ್ಪವನ್ನು 2021ರ ಸೆಪ್ಟೆಂಬರಿನಿಂದ 75 ಮೈಕ್ರಾನಿಗೂ 2022ರ ಕೊನೆಗೆ 120 ಮೈಕ್ರಾನಿಗೂ ಏರಿಸಿತು. ತಳ್ಳುಗಾಡಿಯವರು ಇಂದಿಗೂ ತೆಳು ಕವರು ಕೊಡುತ್ತಾರೆ, ಅದು ಬೇರೆ ಮಾತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರು ಬಸ್ಸಿನಲ್ಲಿ ಪೇಟೆಗೆ ಹೋಗಿಬರುವುದು ಸಲೀಸಾಯಿತು. ಟಿಕೆಟ್ಟಿಗೆ ದುಡ್ಡಿಲ್ಲ ನಿಜ, ಹೊರೆ ಇದ್ದೇ ಇದೆ.

ಮೊದಲು ಅಂಗಡಿಯಿಂದಲೇ ಒಂದನ್ನು ತಂದೆ. ಎರಡು ಪುಟ್ಟ ಚಕ್ರ, ಒಂದು ಕಬ್ಬಿಣದ ಚೌಕಟ್ಟು, ಮೇಲಿನ ಕೊಕ್ಕೆಗೆ ನೇತುಹಾಕಿದ ಹೂವಿನ ಚಿತ್ತಾರದ ಚೀಲ. ಮೂರನೇ ವಾರಕ್ಕೆ ಚೀಲದ ತಳ ಜೋತು ರಸ್ತೆಗೆ ಉಜ್ಜತೊಡಗಿತು. ಐದನೇ ವಾರ ತಳದ ಮೂಲೆ ಹರಿದು ಈರುಳ್ಳಿ ಒಂದೊಂದೇ ಉದುರುತ್ತಾ ಬಂತು. ಅಕ್ಕ ಮನೆ ಮುಟ್ಟುವ ಹೊತ್ತಿಗೆ ಹಿಂದೆ ಎರಡು ಮೇಕೆ. ತಪ್ಪು ಬಟ್ಟೆಯದಲ್ಲ. ಭಾರವನ್ನೆಲ್ಲ ಮೇಲಿನ ಎರಡು ಕೊಕ್ಕೆಯೇ ಹೊರುತ್ತಿತ್ತು. ಕೆಳಗೆ ಚೀಲ ಕೂರಲು ಇದ್ದ ಪೀಠ ಅಂಗೈಯಷ್ಟು. ಚೀಲ ಚೌಕಟ್ಟಿಗೆ ನೇತಾಡಬಾರದು, ಅದರ ಮೇಲೆ ಕೂರಬೇಕು. ತಳದಷ್ಟೇ ಅಗಲದ, ಕೀಲು ಹಾಕಿ ಮೇಲಕ್ಕೆ ಮಡಚಬಹುದಾದ ಪೀಠವಿದ್ದರೆ ಭಾರ ನೇರ ಅಚ್ಚಿಗೆ ಇಳಿಯುತ್ತದೆ, ಮೇಲಿನ ಕೊಕ್ಕೆ ಚೀಲ ವಾಲದಂತೆ ಹಿಡಿದರೆ ಸಾಕು. ಅಮೆರಿಕದ ಒಕ್ಲಹೋಮ ನಗರದ ಅಂಗಡಿಕಾರ ಸಿಲ್ವನ್ ಗೋಲ್ಡ್‌ಮನ್ 1937ರಲ್ಲಿ ಬಳಕೆಗೆ ತಂದ ಮೊದಲ ಶಾಪಿಂಗ್ ಗಾಡಿಯಲ್ಲೂ ಇದೇ ಯುಕ್ತಿ: ಮಡಚುವ ಕುರ್ಚಿಯನ್ನು ನೋಡಿ ಹೊಳೆದ ಚೌಕಟ್ಟು ಬೇರೆ, ಅದರ ಮೇಲೆ ಕೂರುವ ಬುಟ್ಟಿ ಬೇರೆ.

ಮಡಚುವುದರ ಪಾಠ ಮಾತ್ರ ಅಮೆರಿಕದಿಂದ ಬರಬೇಕಿರಲಿಲ್ಲ. ಬೈರಾಪಟ್ಟಣದ ಸುತ್ತ ಯಾವ ರೇಷ್ಮೆ ಮನೆಗೆ ಹೋದರೂ ಸಿಗುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವುದು ಬಿದಿರಿನ ಚಂದ್ರಿಕೆಯ ಮೇಲೆ: ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಿದ ಮೇಲೂ ಚಂದ್ರಿಕೆಗಳು ಗೋಡೆಯುದ್ದಕ್ಕೂ ಜಾಗ ಹಿಡಿದು ಒರಗಿರುತ್ತವೆ. ಆಮೇಲೆ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂತು. ಏಣು ತಗ್ಗು, ಏಣು ತಗ್ಗು ಎಂದು ಅಂಕುಡೊಂಕಾಗಿ ಅಚ್ಚುಹಾಕಿದ ಹಾಳೆ. ಎಳೆದರೆ ಹರಡುತ್ತದೆ, ಒತ್ತಿದರೆ ಹಾರ್ಮೋನಿಯಮ್ಮಿನ ತಿದಿಯಂತೆ ಒಂದು ಕಟ್ಟಾಗುತ್ತದೆ. ಎಲ್ಲಿ ಬಾಗಬೇಕು ಎಂಬುದು ಅದನ್ನು ಅಚ್ಚುಹಾಕುವಾಗಲೇ ತೀರ್ಮಾನವಾಗಿದೆ, ಮಡಚುವವರು ಯೋಚಿಸಬೇಕಿಲ್ಲ. ಅಂಗಡಿ ಚೀಲದಲ್ಲಿ ಇಲ್ಲದ್ದು ಇದೇ. ಬಟ್ಟೆ ಮೆತ್ತಗಿದೆಯಲ್ಲ, ಹೇಗಾದರೂ ಮಡಚಿಕೊಳ್ಳುತ್ತದೆ ಎಂದು ಬಿಟ್ಟರೆ ಅದು ದಿನಕ್ಕೊಂದು ಕಡೆ ಗುಬ್ಬಿ ಕಟ್ಟುತ್ತದೆ.

ಹಾಗಾದರೆ ಗೆರೆ ಎಲ್ಲಿ ಹಾಕಬೇಕು? ಸೀರೆ ಅಂಗಡಿಯ ದಪ್ಪ ಕಾಗದದ ಚೀಲವನ್ನು ಒಮ್ಮೆ ನಿಧಾನವಾಗಿ ಮಡಚಿ ನೋಡಿ. ಎರಡು ಪಕ್ಕ ಒಳಕ್ಕೆ ಸರಿಯುತ್ತವೆ, ತಳ ಎದ್ದು ಮುಂಬದಿಯ ಮೇಲೆ ಮಲಗುತ್ತದೆ. ಚಪ್ಪಟೆ ತಳದ ಕಾಗದದ ಚೀಲ ಮಾಡುವ ಯಂತ್ರಕ್ಕೆ ಮಾರ್ಗರೆಟ್ ನೈಟ್ ಎಂಬಾಕೆಗೆ 1871ರಲ್ಲೇ ಪೇಟೆಂಟ್ ಸಿಕ್ಕಿತ್ತು. ವಿಚಿತ್ರವೆಂದರೆ, ಸೀರೆ ಅಂಗಡಿ ಚೀಲದ ಅದೇ ಗೆರೆಗಳಲ್ಲಿ ಕೀಲು ಹಾಕಿ ತಗಡಿನಲ್ಲಿ ಚೀಲ ಮಾಡಿದರೆ ಅದು ಅಲುಗುವುದೇ ಇಲ್ಲ. ಕಾಗದ ಮಡಚುವ ಗಣಿತ ಮಾಡುವವರು ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಕಾಗದ ನಡುವೆ ಒಂಚೂರು ಬಾಗಿ, ಕದ್ದು, ದಾರಿ ಮಾಡಿಕೊಳ್ಳುತ್ತದೆ. ತಗಡಿಗೆ ಆ ಕಳ್ಳತನ ಗೊತ್ತಿಲ್ಲ. ಗಟ್ಟಿ ಹಲಗೆಯ ಎತ್ತರದ ಚೀಲವೂ ಮಡಚುವಂತೆ ಹೆಚ್ಚುವರಿ ಗೆರೆಗಳ ಹೊಸ ವಿನ್ಯಾಸವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವೂ ಮತ್ತು ಯೂ ಎಂಬ ಇಬ್ಬರು 2011ರಲ್ಲಿ ಪ್ರಕಟಿಸಿದರು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಎಲ್ಲ ಮುಖಕ್ಕೂ ರಟ್ಟು ತುರುಕಬೇಡಿ, ಗಟ್ಟಿ ಬೇಕಾದ್ದು ತಳ ಮತ್ತು ಬೆನ್ನು ಮಾತ್ರ, ಉಳಿದದ್ದು ಬಟ್ಟೆಯಾಗಿಯೇ ಇರಲಿ. ಇಷ್ಟು ಗ್ರಹಿಸಿದರೆ ಸಾಕು.

ನಾವು ಹಿಡಿದ ಅಳತೆ ಇದು: ಅಗಲ 35 ಸೆಂ.ಮೀ., ಆಳ 25, ಎತ್ತರ 55. ಲೆಕ್ಕ ಹಾಕಿದರೆ 48 ಲೀಟರು. ಸೊಪ್ಪು ತುಂಬಿದರೆ ಐದಾರು ಕೆಜಿ, ಈರುಳ್ಳಿ ತುಂಬಿದರೆ 25 ಕೆಜಿ ದಾಟುತ್ತದೆ. ಇದಕ್ಕಿಂತ ದೊಡ್ಡದು ಮಾಡಿದರೆ ಬಸ್ಸಿನ ಮೆಟ್ಟಿಲಿಗೆ ಎತ್ತುವವರು ಬೇರೆ ಬೇಕು. ಆಳ ಯಾವತ್ತೂ ಅಗಲಕ್ಕಿಂತ ಕಡಿಮೆ ಇರಬೇಕು. ಪಕ್ಕಗಳು ನಡುಮಧ್ಯೆ ಮಡಚಿ ಒಳಕ್ಕೆ ಬಂದಾಗ ಒಂದೊಂದೂ ಹನ್ನೆರಡೂವರೆ ಸೆಂ.ಮೀ. ನುಗ್ಗುತ್ತದೆ, ಎರಡೂ ಸೇರಿ 25. ಅಗಲ 35 ಇರುವುದರಿಂದ ನಡುವೆ ಹತ್ತು ಸೆಂ.ಮೀ. ಬಿಡುವು. ಆಳವೇ ಜಾಸ್ತಿಯಾದರೆ ಒಂದರ ಮೇಲೊಂದು ಏರಿ ಗಂಟಾಗುತ್ತದೆ.

ಗೆರೆಗಳು ಹೀಗೆ. ಪಕ್ಕದ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ, ತಳದಿಂದ ಹನ್ನೆರಡೂವರೆ ಸೆಂ.ಮೀ. ಮೇಲೆ ಅದು ನಿಲ್ಲಬೇಕು. ಆ ಬಿಂದುವಿನಿಂದ ತಳದ ಎರಡು ಮೂಲೆಗೂ ಓರೆಯಾಗಿ, 45 ಡಿಗ್ರಿಯಲ್ಲಿ, ಎರಡು ಗೆರೆ. ಮುಂಬದಿಯಲ್ಲೂ ಅದೇ ಎತ್ತರಕ್ಕೆ ಒಂದು ಅಡ್ಡಗೆರೆ. ಅದು ಪಕ್ಕದ ಮುಂದಿನ ಅರ್ಧಕ್ಕೂ ತಿರುಗಿ ಆ ಬಿಂದುವನ್ನು ಮುಟ್ಟಬೇಕು. ಹಿಂದಿನ ಅರ್ಧಕ್ಕೆ ಬೇಡ. ಬೆನ್ನು ಚೌಕಟ್ಟಿಗೆ ಅಂಟಿಕೊಂಡಿರುತ್ತದೆ. ಪೀಠವನ್ನು ಕಾಲಿನಿಂದ ಮೇಲೆತ್ತಿದರೆ ತಳ ಅದರ ಜತೆ ಏಳುತ್ತದೆ, ಪಕ್ಕ ಒಳಕ್ಕೆ ಹೋಗುತ್ತದೆ, ಮುಂಬದಿ ಹಿಂದಕ್ಕೆ ಒರಗುತ್ತದೆ. ಒಂದೇ ಒತ್ತಿಗೆ.

ಇದನ್ನು ಹೊಲಿದವರು ಚನ್ನಪಟ್ಟಣದ ಮಂಗಳವಾರಪೇಟೆಯಲ್ಲಿ ಸ್ಕೂಲ್ ಬ್ಯಾಗು, ಬೈಕಿನ ಸೀಟ್ ಕವರು ಹೊಲಿಯುವ ಒಬ್ಬ ಟೈಲರು. ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಮಾದರಿ ಮಾಡಿ ತೋರಿಸಿದೆ. ನೋಡಿದವರೇ "ಇದು ಪ್ಯಾಂಟಿನ ಇಸ್ತ್ರಿ ಗೆರೆ ತರ ಅಲ್ವಾ ಸಾರ್, ಆದ್ರೆ ಅಳಿಸಿಹೋಗ್ಬಾರ್ದು" ಅಂದರು. ಗೆರೆಯ ಮೇಲೆ ಬಟ್ಟೆಯನ್ನು ಎರಡು ಮಿಲಿಮೀಟರಿನಷ್ಟು ಚಿವುಟಿ ಹಿಡಿದು ಉದ್ದಕ್ಕೂ ಒಂದು ಹೊಲಿಗೆ ಹಾಕುವ ಉಪಾಯ ಅವರದ್ದೇ. ಮೊದಲ ಚೀಲದಲ್ಲಿ ಆ ಚಿವುಟು ಹೊರಗೆ ಬಂತು. ಮಡಚಲು ಹೋದರೆ ಪಕ್ಕಗಳು ಒಳಕ್ಕೆ ಹೋಗುವ ಬದಲು ಕಪ್ಪೆಯ ಹೊಟ್ಟೆಯಂತೆ ಹೊರಕ್ಕೆ ಉಬ್ಬಿದವು. ಬಟ್ಟೆ ಚಿವುಟಿದ ಏಣಿನ ಕಡೆಗೇ ಮಡಚುತ್ತದೆ ಎಂಬುದು ನಮ್ಮಿಬ್ಬರಿಗೂ ಆಗ ಹೊಳೆಯಿತು. ಬಿಚ್ಚಿ ಒಳಗಡೆ ಏಣು ಬರುವಂತೆ ಹೊಲಿದ ಮೇಲೆ ಚೀಲ ತಾನಾಗಿ ಕುಸಿಯಿತು. "ಈಗ ಮಾತು ಕೇಳ್ತು ನೋಡಿ" ಅಂದರು.

ಬಟ್ಟೆಯ ವಿಷಯಕ್ಕೆ ಬಂದರೆ, ಬ್ಯಾಗಿನ ಬಟ್ಟೆಯ ಅಂಗಡಿಯಲ್ಲಿ "300, 600" ಎಂಬ ಸಂಖ್ಯೆ ಹೇಳುತ್ತಾರೆ. ಅದು ಡೀನಿಯರ್; 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬುದು. ರಾಮನಗರದ ರೀಲರುಗಳಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಅವರು 20–22 ಡೀನಿಯರಿನ ರೇಷ್ಮೆ ತೆಗೆಯುವುದು ಇದೇ ಅಳತೆಯಲ್ಲಿ, ಒಂದು ಗೂಡಿನ ಎಳೆ ಎರಡು ಮೂರು ಡೀನಿಯರ್ ಅಷ್ಟೆ. ಚೀಲಕ್ಕೆ 600 ಡೀನಿಯರಿನ ಪಾಲಿಯೆಸ್ಟರ್, ಒಳಗಡೆ ನೀರು ತಡೆಯುವ ಲೇಪ ಇರುವಂಥದ್ದು ಸರಿಹೊಂದುತ್ತದೆ. ಇದಕ್ಕಿಂತ ದಪ್ಪದ್ದು ಗೆರೆಯಲ್ಲಿ ಹಟಮಾಡುತ್ತದೆ. ಸಿಮೆಂಟ್ ಚೀಲ, ಅಕ್ಕಿ ಚೀಲದಲ್ಲಿ ಹೊಲಿದರೆ ದುಡ್ಡು ಉಳಿಯುತ್ತದೆ ನಿಜ, ಆದರೆ ಬಿಸಿಲಿಗೆ ಬಿದ್ದ ಆ ಪ್ಲಾಸ್ಟಿಕ್ ಹೆಣಿಗೆ ಕ್ರಮೇಣ ಪುಡಿಪುಡಿಯಾಗುತ್ತದೆ, ಅದೂ ಮೊದಲು ಮಡಿಕೆಯಲ್ಲೇ. ಗೋಣಿ ಗಟ್ಟಿ, ಆದರೆ ಒದ್ದೆ ಸೊಪ್ಪಿನ ನೀರು ಕುಡಿದು ಮುಗ್ಗಲು ಹಿಡಿಯುತ್ತದೆ. ತಳದ ಮೂಲೆಯಲ್ಲಿ ನೀರು ಇಳಿಯಲು ಎರಡು ಐಲೆಟ್ ಹೊಡೆಸಿದರೆ ಒಳ್ಳೆಯದು. ಚೀಲ ಚೌಕಟ್ಟಿನಿಂದ ಬಿಚ್ಚಿ ಒಗೆಯುವಂತಿರಲಿ.

ಎತ್ತುವಾಗ ಭಾರ ಹೊರುವುದು ಬಟ್ಟೆಯಲ್ಲ, ಪಟ್ಟಿ. ಹಳೇ ಮಂಚದ ನವಾರಿನಂಥ ನೈಲಾನ್ ಪಟ್ಟಿ ಒಂದು ಪಕ್ಕದಿಂದ ಇಳಿದು ತಳದ ಕೆಳಗೆ ಹಾದು ಇನ್ನೊಂದು ಪಕ್ಕಕ್ಕೆ ಏರಿ ಹಿಡಿಯಾಗಬೇಕು. ಬಸ್ಸು ಹತ್ತುವಾಗ ಕೈ ಹಾಕುವುದು ಇದಕ್ಕೇ. ಪಟ್ಟಿಯ ತುದಿಗೆ ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತು ಹಾಕಿದರೆ ಎಳೆತ ಒಂದೇ ಹೊಲಿಗೆಯ ಮೇಲೆ ಬೀಳುವುದಿಲ್ಲ.

ಇನ್ನು ಚಕ್ರ. ಚಕ್ರ ಸಣ್ಣದಾದಷ್ಟೂ ಕಲ್ಲು ದೊಡ್ಡದಾಗುತ್ತದೆ. ಚಕ್ರದ ಮೇಲೆ 12 ಕೆಜಿ ಭಾರವಿದೆ ಎನ್ನಿ, ಎದುರಿಗೆ ಎರಡು ಸೆಂ.ಮೀ. ಎತ್ತರದ ಕಲ್ಲು. ಹತ್ತು ಸೆಂ.ಮೀ. ವ್ಯಾಸದ ಚಕ್ರವನ್ನು ಅದರ ಮೇಲೆ ಹತ್ತಿಸಲು 16 ಕೆಜಿಯಷ್ಟು ಎಳೆಯಬೇಕು, 20 ಸೆಂ.ಮೀ. ಚಕ್ರಕ್ಕೆ 9 ಕೆಜಿ ಸಾಕು. ನಮ್ಮ ಊರ ರಸ್ತೆಗೆ 20ಕ್ಕಿಂತ ಕಡಿಮೆ ಹಾಕುವುದು ಅನ್ಯಾಯ. ಬೊಂಬೆಯ ಊರಾದ ಚನ್ನಪಟ್ಟಣದಲ್ಲಿ ಚಕ್ರಕ್ಕೇನು ಬರ ಎಂದು ಅಲ್ಲಿನ ಕಲಾನಗರದ ಕಡೆಗೂ ಹೋಗಿದ್ದೆ. ಮಕ್ಕಳ ಮೂರು ಚಕ್ರದ ನಡೆಗಾಡಿಯನ್ನು ತಿರುಗುಣಿಯಲ್ಲಿ ಕಡೆದು, ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಬಣ್ಣ ಹಿಡಿಸುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಆದರೆ ಅವರು ಕಡೆಯುವ ಹಾಲೆ ಮರ ಮೃದು; ಟಾರು ರಸ್ತೆಯಲ್ಲಿ ಅರಗು ಒಂದೇ ದಿನಕ್ಕೆ ಕಿತ್ತುಬರುತ್ತದೆ. ಚಕ್ರ ರಬ್ಬರಿನದೇ ಆಯಿತು. ಕೈಹಿಡಿ ಮಾತ್ರ ಹಾಲೆ ಮರದ್ದು, ಕೆಂಪು ಹಳದಿ ಅರಗಿನದು.

ತುಂಬುವುದಕ್ಕೂ ಒಂದು ಲೆಕ್ಕ. ಅಚ್ಚಿನಿಂದ ಕೈಹಿಡಿಗೆ 95 ಸೆಂ.ಮೀ. ಉದ್ದ, ಚೌಕಟ್ಟನ್ನು 45 ಡಿಗ್ರಿ ಓರೆಮಾಡಿ ಎಳೆಯುತ್ತೇವೆ, ಒಳಗೆ 15 ಕೆಜಿ ಸಾಮಾನು. ತೆಂಗಿನಕಾಯಿ, ಆಲೂಗಡ್ಡೆ ಕೆಳಗಿದ್ದು ಭಾರದ ಕೇಂದ್ರ ಚೌಕಟ್ಟಿನಿಂದ ಚೀಲದ ಅರ್ಧ ಆಳದಷ್ಟು ಮುಂದೆ, ಅಚ್ಚಿನಿಂದ 25 ಸೆಂ.ಮೀ. ಮೇಲಿದ್ದರೆ ಕೈಗೆ ಬೀಳುವುದು ಎರಡು ಕೆಜಿಯಷ್ಟು. ಅದೇ ಕಾಯಿಗಳನ್ನು ಮೇಲೆ ಹೇರಿ ಕೇಂದ್ರ 40ಕ್ಕೆ ಏರಿದರೆ ನಾಲ್ಕು ಕೆಜಿ ದಾಟುತ್ತದೆ. ಅಕ್ಕನಿಗೆ ಈ ಲೆಕ್ಕ ಹೇಳಲು ಹೋದೆ. "ಸೊಪ್ಪು, ಟೊಮೇಟೊ ಮ್ಯಾಲಿರ್ಬೇಕು ಅಂತ ಯಾರಿಗ್ ಗೊತ್ತಿಲ್ಲ?" ಅಂದಳು.

ಚೀಲ ಹೊಲಿದಾಯಿತು, ಪೀಠ ಮಡಚಿತು, ಬಟ್ಟೆ, ಹಲಗೆ, ಕೊಳವೆ ಎಲ್ಲ ಸೇರಿ ಆರು ಸೆಂ.ಮೀ. ದಪ್ಪಕ್ಕೆ ಬಂತು. ಹೆಮ್ಮೆಯಿಂದ ಬಾಗಿಲ ಹಿಂದೆ ತಳ್ಳಿದೆ. ಹೋಗಲಿಲ್ಲ. ಚೌಕಟ್ಟು ಗೋಡೆಗೆ ಒರಗಿ ನಿಂತರೂ ಚಕ್ರಗಳು ಅದಕ್ಕೆ ಅಡ್ಡಲಾಗಿ ನಿಲ್ಲುತ್ತವಲ್ಲ; 20 ಸೆಂ.ಮೀ. ಚಕ್ರ 20 ಸೆಂ.ಮೀ. ಜಾಗ ಕೇಳುತ್ತದೆ. ಚೀಲವನ್ನು ಎಷ್ಟು ಚಂದ ಮಡಚಿದರೂ ಚಕ್ರವನ್ನು ಮಡಚಲಾಗದು. ರಸ್ತೆಗೆ ದೊಡ್ಡ ಚಕ್ರ ಬೇಕು, ಸಂದಿಗೆ ಚಕ್ರವೇ ಬೇಡ.

ಭಾವ ಇದನ್ನೆಲ್ಲ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಎದ್ದುಹೋಗಿ ಹಟ್ಟಿಯಿಂದ ಹಳೇ ಎತ್ತಿನ ಗಾಡಿಯ ಕಡಾಣಿ ತಂದು ನನ್ನ ಕೈಗಿಟ್ಟರು. ಅಚ್ಚಿನ ತುದಿಯ ತೂತಿಗೆ ಸಿಕ್ಕಿಸುವ ಒಂದು ಕಬ್ಬಿಣದ ಕೀಲು. ಅದು ಇರುವತನಕ ಚಕ್ರ ಕಳಚದು, ಕಿತ್ತರೆ ಕೈಗೆ ಬರುತ್ತದೆ. ಮಾರನೇ ದಿನ ವೆಲ್ಡಿಂಗ್ ಅಂಗಡಿಯಲ್ಲಿ ನಮ್ಮ ಅಚ್ಚಿನ ಎರಡು ತುದಿಗೂ ತೂತು ಕೊರೆಸಿ, ಕಡಾಣಿಯ ಜಾಗಕ್ಕೆ ಸ್ಪ್ರಿಂಗ್ ಪಿನ್ನು ಹಾಕಿಸಿದೆ. ಈಗ ಚೀಲ ಸಂದಿಯಲ್ಲಿ ನಿಂತಿದೆ. ಎರಡು ಚಕ್ರ ಮೊರದ ಪಕ್ಕದ ಮೊಳೆಗೆ ನೇತುಬಿದ್ದಿವೆ. ಪಿನ್ನು ಕಳೆಯದಿರಲೆಂದು ಅಕ್ಕ ಅದನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಾಳೆ.